ಹಳೆಯ ಕನ್ಸೋಲ್ ಆಟಗಳ ಎಮ್ಯುಲೇಷನ್

ಒಂದು ವಿಡಿಯೊ ಗೇಮ್ ಕನ್ಸೋಲಿಗೆಂದು ಬರೆದ ಆಟವನ್ನು, ಒಳರಚನೆಯಲ್ಲಿ ಪೂರ್ತಿ ಬೇರೆಯಾದ ಹೊಸ ಯಂತ್ರದಲ್ಲಿ ನಡೆಸುವ ವಿದ್ಯೆಗೆ ಎಮ್ಯುಲೇಷನ್ ಎಂದು ಹೆಸರು. ಎಮ್ಯುಲೇಟರ್ ಎಂಬ ತಂತ್ರಾಂಶ ಹಳೆಯ ಯಂತ್ರದ ಪ್ರೊಸೆಸರ್, ಚಿತ್ರ ಬಿಡಿಸುವ ಚಿಪ್, ಧ್ವನಿ ಚಿಪ್, ಮೆಮೊರಿ ಎಲ್ಲವನ್ನೂ ಅನುಕರಿಸುತ್ತದೆ. ತಾನು ಹುಟ್ಟಿದ ಮನೆಯಲ್ಲೇ ಇದ್ದೇನೆ ಎಂದು ಆಟ ನಂಬಬೇಕು. ನಮ್ಮ ಕಥೆಗಳ ಪರಕಾಯ ಪ್ರವೇಶದಲ್ಲಿ ಜೀವವು ಹೊಸ ದೇಹಕ್ಕೆ ಒಗ್ಗಿಕೊಳ್ಳುತ್ತದೆ. ಇಲ್ಲಿ ಆಟದ ಒಂದಕ್ಷರವನ್ನೂ ತಿದ್ದದೆ, ಹೊಸ ದೇಹವೇ ಹಳೆಯ ಜೀವಕ್ಕೆ ತಕ್ಕಂತೆ ಬಾಗಬೇಕು.

ಹೊಸ ಯಂತ್ರದ ಬಲ ಹೆಚ್ಚಿದ್ದರೆ ಹಳೆಯ ಆಟ ತಾನಾಗಿ ನಡೆಯುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಹಾಗೆ ನಡೆಯುವುದಿಲ್ಲ. ಹಳೆಯ ಯಂತ್ರದ ಒಂದೊಂದು ಚಿಪ್ಪಿನ ನಡವಳಿಕೆಯನ್ನು ಅದರ ದೋಷಗಳ ಸಮೇತ ತಿಳಿಯುವುದು ಮೊದಲ ಕಷ್ಟ. ತಯಾರಕರು ಬೀಗ ಹಾಕಿ ಮಾರಿದ ಹೊಸ ಕನ್ಸೋಲಿನೊಳಗೆ ಎಮ್ಯುಲೇಟರನ್ನು ಸೇರಿಸುವುದು ಎರಡನೆಯದು. ಈ ವಿದ್ಯೆಯ ಚರಿತ್ರೆಯೆಲ್ಲ ಈ ಎರಡರ ಸುತ್ತ ಬೆಳೆದದ್ದು.

ರೋಮ್ ಕಡತ

1990ರ ದಶಕದ ನಡುವಿನವರೆಗೆ ಕನ್ಸೋಲ್ ಆಟಗಳು ಹೆಚ್ಚಾಗಿ ಕಾರ್ಟ್ರಿಡ್ಜುಗಳಲ್ಲಿ ಬರುತ್ತಿದ್ದವು. ನಮ್ಮ ಕಡೆ ಅದನ್ನು ಕ್ಯಾಸೆಟ್ ಎಂದೇ ಕರೆದರು. ಪ್ಲಾಸ್ಟಿಕ್ ಡಬ್ಬಿಯೊಳಗೆ ಪುಟ್ಟ ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಓದಲಷ್ಟೇ ಬರುವ ರೋಮ್ ಚಿಪ್ಪುಗಳು. ಡಂಪರ್ ಎಂಬ ಸಾಧನದಿಂದ ಆ ಚಿಪ್ಪಿನ ವಿಳಾಸಗಳನ್ನು ಒಂದೊಂದಾಗಿ ಓದಿ ಇಳಿಸಿಕೊಂಡ ಕಡತಕ್ಕೂ ಚಿಪ್ಪಿನ ಹೆಸರೇ ಅಂಟಿಕೊಂಡು ರೋಮ್ ಎಂದಾಯಿತು.

ನಿಂಟೆಂಡೊ 1983ರ ಜುಲೈಯಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಕನ್ಸೋಲಿನ ಕಡತಗಳು ಇಂದಿನ ಕಣ್ಣಿಗೆ ನಂಬಲಾರದಷ್ಟು ಚಿಕ್ಕವು. ಇದೇ ಯಂತ್ರ ಅಮೆರಿಕದಲ್ಲಿ 1985ರಿಂದ ಎನ್‌ಇಎಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ 40 ಕಿಲೊಬೈಟ್: ಪ್ರೋಗ್ರಾಮಿಗೆ 32, ಚಿತ್ರಗಳಿಗೆ 8. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಆದರೆ ಚಿಪ್ಪಿನ ಬೈಟುಗಳನ್ನು ಓದಿಕೊಂಡ ಮಾತ್ರಕ್ಕೆ ಆಟ ಕೈಗೆ ಬಂತು ಎನ್ನುವಂತಿಲ್ಲ. ಫ್ಯಾಮಿಕಾಮಿನ ಪ್ರೊಸೆಸರ್ ಕಾಣಬಲ್ಲದ್ದು ಒಟ್ಟು 64 ಕಿಲೊಬೈಟ್ ವಿಳಾಸಗಳನ್ನು; ಅದರಲ್ಲಿ ಆಟದ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವುದು 32. ಸೂಪರ್ ಮಾರಿಯೊ ಬ್ರದರ್ಸ್ 3 ಇರುವುದೋ 384 ಕಿಲೊಬೈಟ್. ಚಿಕ್ಕ ಅಂಗಡಿಯವರು ಎದುರಿನ ಹಲಗೆಯ ಮೇಲೆ ಆಗಾಗ ಬೇಕಾದ ಸರಕನ್ನಷ್ಟೇ ಗೋದಾಮಿನಿಂದ ತಂದಿಡುವ ಹಾಗೆ, ಕ್ಯಾಸೆಟ್ಟಿನೊಳಗಿನ ಮತ್ತೊಂದು ಚಿಪ್ ರೋಮಿನ ತುಂಡುಗಳನ್ನು ಪ್ರೊಸೆಸರಿನ ಕಣ್ಣೆದುರು ಅದಲುಬದಲು ಮಾಡುತ್ತದೆ. ಇದೇ ಮ್ಯಾಪರ್. ಆಟಕ್ಕೊಂದು ಮ್ಯಾಪರ್ ಎನ್ನುವಷ್ಟು ಬಗೆಗಳಿದ್ದವು. ಯಾವ ಆಟಕ್ಕೆ ಯಾವುದು ಎಂದು ತಿಳಿಯದೆ ಕಡತವನ್ನು ನಡೆಸಲಾಗದು. ಮರಾತ್ ಫೈಜುಲ್ಲಿನ್ ತಮ್ಮ ಐನೆಸ್ ಎಮ್ಯುಲೇಟರಿಗಾಗಿ ಕಡತದ ತಲೆಯಲ್ಲಿ 16 ಬೈಟುಗಳ ಒಂದು ಗುರುತುಚೀಟಿ ಅಂಟಿಸಿ ಮ್ಯಾಪರಿನ ಸಂಖ್ಯೆಯನ್ನು ಅದರಲ್ಲಿ ಬರೆದಿಟ್ಟರು. ಆ ಚೀಟಿಯ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಫ್ಯಾಮಿಕಾಮಿನ ಮುಂದಿನ ಪೀಳಿಗೆಯಾದ ಸೂಪರ್ ಫ್ಯಾಮಿಕಾಮ್ ಕಾಲಕ್ಕೆ ಕ್ಯಾಸೆಟ್ಟುಗಳು ಇನ್ನೂ ಮುಂದೆ ಹೋಗಿ ಸ್ವಂತ ಪ್ರೊಸೆಸರನ್ನೇ ಹೊತ್ತು ಬಂದವು. 1993ರ ಸ್ಟಾರ್ ಫಾಕ್ಸ್ ಆಟದ ಸೂಪರ್ ಎಫ್ಎಕ್ಸ್ ಅಂಥದ್ದು. ಎಮ್ಯುಲೇಟರು ಕನ್ಸೋಲಿನ ಜೊತೆಗೆ ಅದನ್ನೂ ಅನುಕರಿಸಬೇಕು.

ಸಿ.ಡಿ. ಆಟಗಳಲ್ಲಿ ತಟ್ಟೆಯ ಪ್ರತಿಯ ಜೊತೆಗೆ ಇನ್ನೊಂದು ಕಡತವೂ ಬೇಕಾಗುತ್ತದೆ. ಕನ್ಸೋಲಿನ ಒಳಗೇ ಇರುವ ಆರಂಭದ ಪ್ರೋಗ್ರಾಮು, ಅಂದರೆ ಬಯೋಸ್. ಸೋನಿಯ ಮೊದಲ ಪ್ಲೇಸ್ಟೇಷನ್ನಿನಲ್ಲಿ ಇದು 512 ಕಿಲೊಬೈಟ್. ಆಟದಷ್ಟೇ ಇದೂ ತಯಾರಕರ ಸ್ವತ್ತು.

ಕಾಲದ ಲೆಕ್ಕ

ಅನುಕರಣೆಯಲ್ಲಿ ಕಠಿಣವಾದದ್ದು ಲೆಕ್ಕಾಚಾರಕ್ಕಿಂತ ಅದರ ಸಮಯ. ಮಾರಿಯೊ ಓಡುವಾಗ ಮೇಲಿನ ಅಂಕಪಟ್ಟಿ ನಿಂತಲ್ಲೇ ನಿಂತಿರುತ್ತದೆ, ಕೆಳಗಿನ ಲೋಕ ಮಾತ್ರ ಎಡಕ್ಕೆ ಸರಿಯುತ್ತದೆ. ಫ್ಯಾಮಿಕಾಮಿನ ಚಿತ್ರ ಚಿಪ್ಪಿಗೆ ಪರದೆಯನ್ನು ಹೀಗೆ ಎರಡು ಭಾಗ ಮಾಡುವ ಸೌಲಭ್ಯವೇ ಇಲ್ಲ. ಆಟ ಬರೆದವರು ಅಂಕಪಟ್ಟಿಯ ನಾಣ್ಯದ ಚಿತ್ರದಲ್ಲಿ ಸೊನ್ನೆ ಸಂಖ್ಯೆಯ ಸ್ಪ್ರೈಟ್ ಒಂದನ್ನು, ಅಂದರೆ ಹಿನ್ನೆಲೆಯಿಂದ ಬೇರೆಯಾಗಿ ಇಡುವ ಪುಟ್ಟ ಚಿತ್ರವನ್ನು, ಅಡಗಿಸಿಟ್ಟರು. ಟಿವಿಯ ಕಿರಣ ಮೇಲಿನಿಂದ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತಾ ಬಂದು, ಆ ಸ್ಪ್ರೈಟು ಹಿನ್ನೆಲೆಯ ಚುಕ್ಕೆಯೊಂದರ ಮೇಲೆ ಬಿದ್ದ ಕ್ಷಣದಲ್ಲಿ ಚಿಪ್ ಒಂದು ಸೂಚನೆ ಎತ್ತಿ ಹಿಡಿಯುತ್ತದೆ. ಪ್ರೊಸೆಸರ್ ಬೇರೆ ಕೆಲಸ ಬಿಟ್ಟು ಅದನ್ನೇ ಕಾಯುತ್ತಿದ್ದು, ಕಂಡೊಡನೆ ಚಿತ್ರ ಎಷ್ಟು ಸರಿಯಬೇಕೆಂಬ ಅಳತೆಯನ್ನು ಬದಲಿಸುತ್ತದೆ. ಅಲ್ಲಿಂದ ಕೆಳಗಿನ ಗೆರೆಗಳು ಚಲಿಸಿದಂತೆ ಕಾಣುತ್ತವೆ.

ಈಗ ಎಮ್ಯುಲೇಟರಿನ ಪಾಡು ನೋಡಿ. ಸೂಚನೆ ತಡವಾದರೆ ಅಂಕಪಟ್ಟಿಯ ಕೆಳಗೆ ಚಿತ್ರ ಹರಿದಂತಾಗುತ್ತದೆ. ಸೂಚನೆ ಬರದೇ ಹೋದರೆ ಪ್ರೊಸೆಸರ್ ಕಾಯುತ್ತಲೇ ಇರುತ್ತದೆ, ಆಟ ಅಲ್ಲಿಗೇ ನಿಂತುಹೋಗುತ್ತದೆ. ಫ್ಯಾಮಿಕಾಮಿನಲ್ಲಿ ಪ್ರೊಸೆಸರ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರ ಚಿಪ್ ಮೂರು ಚುಕ್ಕೆ ಮುಂದೆ ಹೋಗಿರುತ್ತದೆ. ಒಂದು ಚಿತ್ರಕ್ಕೆ 262 ಗೆರೆ, ಗೆರೆಗೆ 341 ಚುಕ್ಕೆಯಷ್ಟು ಕಾಲ. ಈ ತಾಳ ತಪ್ಪದಂತೆ ಎರಡನ್ನೂ ಜೊತೆಜೊತೆಗೆ ನಡೆಸಬೇಕು. ಕೇವಲ 40 ಕಿಲೊಬೈಟಿನ ಆಟ ಯಂತ್ರದ ಒಂದು ಸೂಕ್ಷ್ಮವನ್ನು ಇಷ್ಟು ನೆಚ್ಚಿಕೊಂಡಿದೆ ಎಂಬುದನ್ನು ನೋಡಿದರೆ, ಆ ಕಾಲದ ಪ್ರೋಗ್ರಾಮರುಗಳ ಕೈಚಳಕದ ಬಗ್ಗೆ ಗೌರವ ಹುಟ್ಟದೆ ಇರದು.

ನಿಖರತೆ ಹೆಚ್ಚಿದಷ್ಟೂ ಹೊಸ ಯಂತ್ರದ ಮೇಲೆ ಹೊರೆ ಹೆಚ್ಚು. 1997ರಲ್ಲಿ ಬಂದ ನೆಸ್ಟಿಕಲ್, ಅಂದಿನ ಸಾಧಾರಣ ಕಂಪ್ಯೂಟರಿನಲ್ಲೂ ಫ್ಯಾಮಿಕಾಮ್ ಆಟಗಳನ್ನು ಪೂರ್ಣ ವೇಗದಲ್ಲಿ ನಡೆಸಿ ಹೆಸರಾಯಿತು. ಅದರ ವೇಗದ ಹಿಂದೆ ಎಷ್ಟೋ ಸೂಕ್ಷ್ಮಗಳ ತ್ಯಾಗವಿತ್ತು. ಇನ್ನೊಂದು ತುದಿಯಲ್ಲಿ ಬಿಎಸ್‌ನೆಸ್ ಇದೆ. 3.58 ಮೆಗಾಹರ್ಟ್ಸ್ ಮೀರದ ಸೂಪರ್ ಫ್ಯಾಮಿಕಾಮನ್ನು ಹೆಜ್ಜೆ ಹೆಜ್ಜೆಗೂ ನಿಷ್ಠೆಯಿಂದ ಅನುಕರಿಸಲು 2011ರ ಸುಮಾರಿಗೆ ಅದು 3 ಗಿಗಾಹರ್ಟ್ಸ್ ಆಸುಪಾಸಿನ ಕಂಪ್ಯೂಟರನ್ನು ಬೇಡುತ್ತಿತ್ತು.

ಹೊರೆ ಇಳಿಸುವ ಉಪಾಯಗಳೂ ಇವೆ. ಆಟದ ಆದೇಶಗಳನ್ನು ಒಂದೊಂದಾಗಿ ಓದಿ ಅರ್ಥೈಸುವುದು ಮಾತು ಮಾತಿಗೂ ದುಭಾಷಿಯನ್ನು ಕರೆದ ಹಾಗೆ. ಅದರ ಬದಲು ಆದೇಶಗಳ ಒಂದು ಗೊಂಚಲನ್ನೇ ಹೊಸ ಪ್ರೊಸೆಸರಿನ ಭಾಷೆಗೆ ಅನುವಾದಿಸಿಟ್ಟುಕೊಂಡು ಮತ್ತೆ ಮತ್ತೆ ಬಳಸಬಹುದು. ಇದು ಡೈನಮಿಕ್ ರೀಕಂಪೈಲೇಷನ್. ಪ್ಲೇಸ್ಟೇಷನ್, ನಿಂಟೆಂಡೊ 64ರಂಥ ಯಂತ್ರಗಳಿಗೆ ಇದು ಬಹುಮಟ್ಟಿಗೆ ಅನಿವಾರ್ಯ. ಆದರೆ ಆಗತಾನೇ ಬರೆದ ಪ್ರೋಗ್ರಾಮನ್ನು ನಡೆಸಲು ಬಿಗಿ ಕಾವಲಿನ ಎಷ್ಟೋ ಸಾಧನಗಳು ಅನುಮತಿ ಕೊಡುವುದಿಲ್ಲ. ಬಲವಿದ್ದೂ ಆಟ ಕುಂಟುವುದು ಇಂಥಲ್ಲಿ. 1999ರ ಜನವರಿಯಲ್ಲಿ ಬಂದ ಅಲ್ಟ್ರಾಎಚ್‌ಎಲ್‌ಇ ಮತ್ತೊಂದು ದಾರಿ ಹಿಡಿಯಿತು. ನಿಂಟೆಂಡೊ 64ರ ಚಿಪ್ಪುಗಳನ್ನು ಹೆಜ್ಜೆ ಹೆಜ್ಜೆಗೂ ಅನುಕರಿಸದೆ, ಆಟ ಏನನ್ನು ಬಿಡಿಸಲು ಹೊರಟಿದೆ ಎಂದು ಗುರುತಿಸಿ ಆ ಕೆಲಸವನ್ನು ನೇರವಾಗಿ ಪಿ.ಸಿ.ಯ ಗ್ರಾಫಿಕ್ಸ್ ಕಾರ್ಡಿಗೆ ವಹಿಸಿತು. ನಡೆದ ಆಟಗಳು ಕೆಲವೇ. ಆದರೂ ಅಂಗಡಿಯಲ್ಲಿ ಇನ್ನೂ ಮಾರಾಟವಾಗುತ್ತಿದ್ದ ಕನ್ಸೋಲೊಂದು ಕಂಪ್ಯೂಟರಿನಲ್ಲಿ ಎದ್ದು ಕೂತಿತ್ತು.

ಹಳೆಯ ಚಿಪ್ಪನ್ನೇ ಒಳಗಿಡುವುದು

ಅನುಕರಣೆಯ ಗೋಜಿಲ್ಲದ ಹಾದಿಯೂ ಒಂದಿದೆ. ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲಿನಲ್ಲಿ ಧ್ವನಿಗೆಂದು ಇಟ್ಟ ಜೆಡ್80 ಪ್ರೊಸೆಸರು ಅದರ ಹಿಂದಿನ ಮಾಸ್ಟರ್ ಸಿಸ್ಟಮ್ ಕನ್ಸೋಲಿನ ಮುಖ್ಯ ಪ್ರೊಸೆಸರೇ ಆಗಿತ್ತು. ಹಾಗಾಗಿ ಒಂದು ಅಡಾಪ್ಟರ್ ಸಿಕ್ಕಿಸಿದರೆ ಹಳೆಯ ಕ್ಯಾಸೆಟ್ಟುಗಳು ನಡೆದವು. 2000ದ ಪ್ಲೇಸ್ಟೇಷನ್ 2 ಒಳಗೆ ಮೊದಲ ಪ್ಲೇಸ್ಟೇಷನ್ನಿನ ಪ್ರೊಸೆಸರಿಗೆ ಮೆಮೊರಿ ಕಾರ್ಡು, ಕಂಟ್ರೋಲರುಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರು. ಹಳೆಯ ತಟ್ಟೆ ಹಾಕಿದಾಗ ಅದು ತನ್ನ ಹಿಂದಿನ ವೃತ್ತಿಗೆ ಮರಳುತ್ತಿತ್ತು. 2006ರ ಪ್ಲೇಸ್ಟೇಷನ್ 3ರ ಮೊದಲ ಮಾದರಿಗಳಲ್ಲಿ ಪ್ಲೇಸ್ಟೇಷನ್ 2ರ ಚಿಪ್ಪುಗಳಿದ್ದವು. ಮುಂದಿನ ಮಾದರಿಗಳಲ್ಲಿ ಅವನ್ನು ಕೈಬಿಟ್ಟರು.

ನಿಂಟೆಂಡೊದ ಕೈಯಂತ್ರ 3ಡಿಎಸ್ ಈ ದಾರಿಯ ಸೊಗಸಾದ ಉದಾಹರಣೆ. 2011ರಲ್ಲಿ ಬೆಲೆ ಇಳಿಸಿದಾಗ, ಅದಕ್ಕೂ ಮೊದಲೇ ಕೊಂಡವರಿಗೆ ಕಂಪನಿ 20 ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟಿತು. ಹತ್ತು ಎನ್‌ಇಎಸ್ ಆಟಗಳು, ಹತ್ತು ಗೇಮ್ ಬಾಯ್ ಅಡ್ವಾನ್ಸ್ ಆಟಗಳು. ಮೊದಲ ಹತ್ತು ಎಮ್ಯುಲೇಟರಿನಲ್ಲಿ ನಡೆದವು. ಉಳಿದವು ಯಂತ್ರದೊಳಗೇ ಇದ್ದ ಹಳೆಯ ಬಗೆಯ ಪ್ರೊಸೆಸರಿನಲ್ಲಿ ನೇರವಾಗಿ ನಡೆದವು. ಆ ಹೊತ್ತಿಗೆ 3ಡಿಎಸ್ ತನ್ನತನವನ್ನೇ ಬಿಟ್ಟು ಗೇಮ್ ಬಾಯ್ ಆಗಿಬಿಡುತ್ತಿದ್ದರಿಂದ, ಆಟವನ್ನು ನಡುವೆ ತಡೆಹಿಡಿದು ಮುಖ್ಯ ಪರದೆಗೆ ಬರುವಂತಿರಲಿಲ್ಲ, ಮುಚ್ಚಳ ಮುಚ್ಚಿದರೂ ಯಂತ್ರ ಮಲಗುತ್ತಿರಲಿಲ್ಲ. ಮುಂದೆ ಹವ್ಯಾಸಿಗಳು ಇದೇ ಅಧಿಕೃತ ಹೊದಿಕೆಯೊಳಗೆ ತಮ್ಮ ಕ್ಯಾಸೆಟ್ಟಿನ ರೋಮನ್ನು ಕೂರಿಸುವುದನ್ನು ಕಲಿತರು. ಇದಕ್ಕೆ ಇಂಜೆಕ್ಷನ್ ಎನ್ನುತ್ತಾರೆ. ಇಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟುಗಳು ಆಟದ ಪ್ರಗತಿಯನ್ನು ಉಳಿಸಲು ಎಸ್‌ರ್‍ಯಾಮ್, ಇಇಪ್ರಾಮ್, ಫ್ಲ್ಯಾಶ್ ಎಂದು ಬೇರೆ ಬೇರೆ ಚಿಪ್ಪು ಬಳಸುತ್ತಿದ್ದವು. ಯಾವುದೆಂದು ತಪ್ಪಾಗಿ ನಮೂದಿಸಿದರೆ ಆಟ ಚೆನ್ನಾಗಿಯೇ ನಡೆದು, ಮರುದಿನ ತೆರೆದಾಗ ಹಿಂದಿನ ದಿನದ ಆಟವೆಲ್ಲ ಮಾಯವಾಗಿರುತ್ತದೆ.

ಬೀಗಗಳು

ಪಿ.ಸಿ.ಯಲ್ಲಿ ಎಮ್ಯುಲೇಟರ್ ನಡೆಸಲು ಯಾರನ್ನೂ ಕೇಳಬೇಕಾಗಿಲ್ಲ. ಕನ್ಸೋಲಾದರೋ ತಯಾರಕರ ಸಹಿ ಇರುವ ಪ್ರೋಗ್ರಾಮನ್ನಷ್ಟೇ ಒಪ್ಪುತ್ತದೆ. ಸೆಗಾದ ಡ್ರೀಮ್‌ಕಾಸ್ಟಿನ (1998) ಬೀಗ ಬಿಗಿಯಾಗಿರಲಿಲ್ಲ. ಅದರ ಆಟಗಳು ಜಿಡಿ-ರೋಮ್ ಎಂಬ ವಿಶೇಷ ತಟ್ಟೆಯಲ್ಲಿ ಬರುತ್ತಿದ್ದವು. ಆದರೆ ಸಂಗೀತದ ಸಿ.ಡಿ.ಗಳಿಗೆ ಒಂದಿಷ್ಟು ಚಿತ್ರ, ಆಟ ಸೇರಿಸಲೆಂದು ಸೆಗಾ ರೂಪಿಸಿದ ಮಿಲ್-ಸಿಡಿ ಪದ್ಧತಿಯಿಂದಾಗಿ ಸಾಮಾನ್ಯ ಸಿ.ಡಿ.ಯಿಂದಲೂ ಯಂತ್ರ ಎಚ್ಚರಗೊಳ್ಳುತ್ತಿತ್ತು. ಕಳ್ಳಪ್ರತಿ ಮಾಡುವವರೂ ಹವ್ಯಾಸಿ ಪ್ರೋಗ್ರಾಮರುಗಳೂ ಈ ಒಂದೇ ಬಾಗಿಲಿನಿಂದ ಒಳಹೊಕ್ಕರು. ಎನ್‌ಇಎಸ್ ಎಮ್ಯುಲೇಟರು ನೆಸ್ಟರ್‌ಡಿಸಿ ಬಂದದ್ದು ಹೀಗೆ.

ಡ್ರೀಮ್‌ಕಾಸ್ಟಿಗೆ ಬಂದ ಬ್ಲೀಮ್‌ಕಾಸ್ಟ್, ನನ್ನ ದೃಷ್ಟಿಯಲ್ಲಿ, ಈ ಚರಿತ್ರೆಯ ಅತ್ಯಂತ ಸಾಹಸದ ಪ್ರಕರಣ. ಅಮೆರಿಕದ ಪುಟ್ಟ ಕಂಪನಿ ಬ್ಲೀಮ್, ಎದುರಾಳಿ ಕಂಪನಿಯ ಪ್ಲೇಸ್ಟೇಷನ್ ಆಟಗಳನ್ನು ಸೆಗಾದ ಯಂತ್ರದಲ್ಲಿ ನಡೆಸುವ ಎಮ್ಯುಲೇಟರನ್ನು ಅಂಗಡಿಯಲ್ಲೇ ಮಾರಿತು. ನೂರು ಆಟಗಳಿಗೆ ಒಂದು ತಟ್ಟೆ ಎಂಬ ಮೊದಲ ಯೋಜನೆ ಕೈಗೂಡಲಿಲ್ಲ. ಆಟಕ್ಕೊಂದು ತಟ್ಟೆಯಂತೆ 2001ರಲ್ಲಿ ಗ್ರ್ಯಾನ್ ಟುರಿಸ್ಮೊ 2, ಮೆಟಲ್ ಗೇರ್ ಸಾಲಿಡ್, ಟೆಕ್ಕನ್ 3 ಈ ಮೂರಕ್ಕೆ ಮಾತ್ರ ಬಂತು. ಆಟಗಾರರು ತಮ್ಮ ಅಸಲಿ ಪ್ಲೇಸ್ಟೇಷನ್ ತಟ್ಟೆಯನ್ನೇ ಹಾಕಬೇಕಿತ್ತು. ಚಿತ್ರ ಮೂಲಕ್ಕಿಂತ ಸ್ಪಷ್ಟವಾಗಿ, 640×480 ಚುಕ್ಕೆಗಳಲ್ಲಿ ಮೂಡಿತು. ಸೋನಿ ಹೂಡಿದ ಮೊಕದ್ದಮೆಯಲ್ಲಿ ಬ್ಲೀಮ್ ಸೋಲಲಿಲ್ಲ. ಆದರೆ ವಕೀಲರ ಖರ್ಚು ಅದನ್ನು ಹಣ್ಣು ಮಾಡಿತ್ತು. ಡ್ರೀಮ್‌ಕಾಸ್ಟಿನ ತಯಾರಿಕೆಯೂ 2001ರ ಮಾರ್ಚಿನಲ್ಲಿ ನಿಂತಿತ್ತು. ಆ ವರ್ಷದ ಕೊನೆಯೊಳಗೆ ಕಂಪನಿ ಮುಚ್ಚಿತು.

ಮೈಕ್ರೊಸಾಫ್ಟಿನ ಮೊದಲ ಎಕ್ಸ್‌ಬಾಕ್ಸ್ (2001) ಒಳಗೆ ಪಿ.ಸಿ.ಯದೇ ಜಾತಿಯ ಪ್ರೊಸೆಸರಿತ್ತು. ಎಂಐಟಿ ವಿದ್ಯಾರ್ಥಿಯಾಗಿದ್ದ ಆಂಡ್ರೂ ಹುವಾಂಗ್ 2002ರಲ್ಲಿ ಅದರ ರಹಸ್ಯ ಕೀಲಿಯನ್ನು ಚಿಪ್ಪುಗಳ ನಡುವಿನ ತಂತಿಗಳಿಂದಲೇ ಓದಿ ತೆಗೆದ ಮೇಲೆ ಎಮ್ಯುಲೇಟರುಗಳು ಸಾಲುಗಟ್ಟಿ ಬಂದವು. ಸೋನಿಯ ಕೈಯಂತ್ರ ಪಿಎಸ್‌ಪಿ ಇಂಥದೇ ಹಗ್ಗಜಗ್ಗಾಟವನ್ನು ಕಂಡಿತು. ಫರ್ಮ್‌ವೇರಿನ ಹೊಸ ಆವೃತ್ತಿಗಳು ಬಂದಂತೆ ಹವ್ಯಾಸಿಗಳು ಹೊಸ ಬಿರುಕು ಹುಡುಕಿದರು.

ನಿಂಟೆಂಡೊದ ವೀ ಕನ್ಸೋಲಿನ ಬೀಗ ತೆಗೆದದ್ದು ಒಂದು ಕುದುರೆಯ ಹೆಸರು. ಜೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಆಟದಲ್ಲಿ ಆಟಗಾರರು ತಮ್ಮ ಕುದುರೆಗೆ ಬೇಕಾದ ಹೆಸರಿಡಬಹುದು. ಉಳಿಸಿದ ಆಟವನ್ನು ಓದುವಾಗ ಆ ಹೆಸರು ಎಷ್ಟು ಉದ್ದವಿದೆ ಎಂದು ಪ್ರೋಗ್ರಾಮು ಪರೀಕ್ಷಿಸುತ್ತಿರಲಿಲ್ಲ. ತೀರಾ ಉದ್ದದ ಹೆಸರಿನ ಕಡತವನ್ನು ತಯಾರಿಸಿ ಹಾಕಿದಾಗ ಅದು ಮೆಮೊರಿಯಲ್ಲಿ ತನ್ನ ಜಾಗ ಮೀರಿ ಹರಿದು, ಪಕ್ಕದಲ್ಲಿದ್ದ ಆದೇಶಗಳ ಹಾದಿಯನ್ನು ತಿರುಗಿಸಿತು. 2008ರ ಈ ಟ್ವೈಲೈಟ್ ಹ್ಯಾಕ್‌ನ ಬೆನ್ನಿಗೇ ಹವ್ಯಾಸಿಗಳ ಪ್ರೋಗ್ರಾಮುಗಳನ್ನು ತೆರೆಯುವ ಹೋಮ್‌ಬ್ರೂ ಚಾನೆಲ್ ಬಂತು, ಎಮ್ಯುಲೇಟರುಗಳಿಗೆ ಅಂಗಳ ಸಿಕ್ಕಿತು. ವೀ ಇಂದಿಗೂ ಹವ್ಯಾಸಿಗಳ ಅಚ್ಚುಮೆಚ್ಚು. ಅದರ ಹಿಂದಿನ ಗೇಮ್‌ಕ್ಯೂಬ್ ಕನ್ಸೋಲಿನ ಆಟಗಳು ಅದರಲ್ಲಿ ನೇರವಾಗಿ ನಡೆಯುತ್ತವೆ. ಹಳೆಯ ಟಿವಿಗಳಿಗೆ ಹೊಂದುವ 240 ಗೆರೆಗಳ ಚಿತ್ರವನ್ನು ಅದು ಹಾಗೆಯೇ ಹೊರಡಿಸಬಲ್ಲದು.

2018ರಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲಿನ ದೋಷ ಬಯಲಾದದ್ದು ಅದರ ಟೆಗ್ರಾ ಎಕ್ಸ್1 ಚಿಪ್ಪಿನ ಬೂಟ್ ರೋಮಿನಲ್ಲಿ, ಅಂದರೆ ಯಂತ್ರ ಶುರುವಾದೊಡನೆ ನಡೆಯುವ ಮೊದಲ ಪ್ರೋಗ್ರಾಮಿನಲ್ಲಿ. ಹಳೆಯ ಕ್ಯಾಸೆಟ್ಟಿನ ಚಿಪ್ಪಿನ ಹಾಗೆ ಅದೂ ಓದಲಷ್ಟೇ ಬರುವಂಥದ್ದು. ಮಾರಾಟವಾದ ಯಂತ್ರಗಳಲ್ಲಿ ಅದನ್ನು ತಿದ್ದಲು ನಿಂಟೆಂಡೊಗೂ ಸಾಧ್ಯವಿರಲಿಲ್ಲ. ಹೊಸದಾಗಿ ತಯಾರಾದವನ್ನಷ್ಟೇ ಸರಿಪಡಿಸಲಾಯಿತು.

ಎಕ್ಸ್‌ಬಾಕ್ಸ್ ಒನ್ ಮತ್ತು ಅದರ ನಂತರದ ಎಕ್ಸ್‌ಬಾಕ್ಸ್ ಕನ್ಸೋಲುಗಳಲ್ಲಿ ಬೀಗ ಮುರಿಯದೆಯೇ ಒಳಗೆ ಹೋಗಬಹುದು. ಡೆವಲಪರ್ ಆಗಿ ನೋಂದಾಯಿಸಿಕೊಂಡು ಯಂತ್ರವನ್ನು ಡೆವಲಪರ್ ಮೋಡಿಗೆ ತಂದರೆ ರೆಟ್ರೊಆರ್ಚ್ ಸ್ಥಾಪಿಸಿಕೊಳ್ಳಬಹುದು. ರೆಟ್ರೊಆರ್ಚ್ ತಾನೇ ಎಮ್ಯುಲೇಟರಲ್ಲ. ಬೇರೆ ಬೇರೆ ಕನ್ಸೋಲುಗಳ ಎಮ್ಯುಲೇಟರುಗಳನ್ನು ಕೋರ್ ಎಂಬ ಹೆಸರಿನಲ್ಲಿ ಒಂದೇ ಚಾವಣಿಯಡಿ ತರುವ ತಂತ್ರಾಂಶ. ಸಾಮಾನ್ಯ ಬಳಕೆಯ ಮೋಡಿನಲ್ಲಿ ಎಮ್ಯುಲೇಟರುಗಳು ನಡೆಯದಂತೆ ಮೈಕ್ರೊಸಾಫ್ಟ್ 2023ರಲ್ಲಿ ತಡೆದಿದೆ.

ತಯಾರಕರ ಸ್ವಂತ ಎಮ್ಯುಲೇಟರುಗಳು

ವರ್ಚುವಲ್ ಕನ್ಸೋಲ್ ಎಂಬ ಹೆಸರಿನಲ್ಲಿ ನಿಂಟೆಂಡೊ 2006ರಿಂದ ವೀಯಲ್ಲಿ ಹಳೆಯ ಆಟಗಳನ್ನು ಮಾರಿತು. ವೀ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು, 3ಡಿಎಸ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚಿನಲ್ಲಿ ನಿಂತಿತು. ಸ್ವಿಚ್‌ನಲ್ಲಿ 2018ರಿಂದ ಹಳೆಯ ಆಟಗಳು ಚಂದಾದಾರರಿಗೆ ಮಾತ್ರ. ಚಂದಾ ನಿಂತರೆ ಆಟವೂ ನಿಲ್ಲುತ್ತದೆ. 2016ರ ಎನ್‌ಇಎಸ್ ಕ್ಲಾಸಿಕ್, 30 ಆಟ ತುಂಬಿದ ಅಂಗೈಯಗಲದ ಪೆಟ್ಟಿಗೆ, ಜನಪ್ರಿಯವಾಯಿತು. ಸೋನಿಯ ಪ್ಲೇಸ್ಟೇಷನ್ ಕ್ಲಾಸಿಕ್ (2018) ಒಳಗಿದ್ದದ್ದು ಹವ್ಯಾಸಿಗಳು ಬೆಳೆಸಿದ ಮುಕ್ತ ತಂತ್ರಾಂಶ ಪಿಸಿಎಸ್‌ಎಕ್ಸ್ ರೀಆರ್ಮ್ಡ್. ಯಾರನ್ನು ದಶಕಗಳ ಕಾಲ ಅನುಮಾನದಿಂದ ನೋಡಲಾಗಿತ್ತೋ ಅವರ ಕೆಲಸದ ಮೇಲೆಯೇ ಅಧಿಕೃತ ಯಂತ್ರ ನಿಂತಿತು. ಎಕ್ಸ್‌ಬಾಕ್ಸ್ ಒನ್ 2015ರಿಂದ ಎಕ್ಸ್‌ಬಾಕ್ಸ್ 360ರ ಆಟಗಳನ್ನು ನಡೆಸುತ್ತದೆ. ಹಳೆಯ ತಟ್ಟೆ ಹಾಕಿದರೂ ಆಟ ತಟ್ಟೆಯಿಂದ ನಡೆಯುವುದಿಲ್ಲ. ಹೊಸದಾಗಿ ಕಟ್ಟಿದ ಕಡತ ಇಂಟರ್‌ನೆಟ್ಟಿನಿಂದ ಇಳಿಯುತ್ತದೆ, ತಟ್ಟೆ ಬರೀ ಮಾಲೀಕತ್ವದ ಸಾಕ್ಷಿ.

ಪರದೆ ಬದಲಾದಾಗ

ಹಳೆಯ ಆಟಗಳ ಚಿತ್ರವನ್ನು ದಪ್ಪ ಗಾಜಿನ ಟಿವಿಗಾಗಿ ಬರೆದಿದ್ದರು. 1991ರ ಸಾನಿಕ್ ಆಟದ ಜಲಪಾತ ವಾಸ್ತವದಲ್ಲಿ ಉದ್ದುದ್ದ ಗೆರೆಗಳ ಸಾಲು. ಹಳೆಯ ಕೇಬಲ್ಲು ಆ ಗೆರೆಗಳನ್ನು ಒಂದಕ್ಕೊಂದು ಕಲೆಸಿ, ನೀರಿನ ಹಿಂದಿನ ಬಂಡೆ ಕಾಣುವಂಥ ಪಾರದರ್ಶಕತೆ ತರುತ್ತಿತ್ತು. ಇಂದಿನ ಎಲ್‌ಇಡಿ ಪರದೆಯಲ್ಲಿ ನೀರು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಆ ಮಸುಕನ್ನು ಮರಳಿ ತರುವ ಶೇಡರುಗಳನ್ನು ಎಮ್ಯುಲೇಟರುಗಳಲ್ಲಿ ಹಾಕಿಕೊಳ್ಳಬಹುದು. ಡಕ್ ಹಂಟ್ ಆಟದ ಬಂದೂಕಿಗೆ ಮಾತ್ರ ಇಷ್ಟು ಸಾಲದು. ಟ್ರಿಗರ್ ಒತ್ತಿದೊಡನೆ ಪರದೆ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಆ ಬೆಳಕು ಆ ಕ್ಷಣದಲ್ಲೇ ಬಂದೂಕಿನ ಕಣ್ಣಿಗೆ ಬೀಳಬೇಕು. ಹೊಸ ಟಿವಿ ಚಿತ್ರವನ್ನು ಸಂಸ್ಕರಿಸಿ ತಡವಾಗಿ ತೋರಿಸುವುದರಿಂದ ಪ್ರತಿ ಗುಂಡೂ ಗುರಿ ತಪ್ಪುತ್ತದೆ. ಗುಂಡಿ ಒತ್ತುವುದಕ್ಕೂ ಮಾರಿಯೊ ಜಿಗಿಯುವುದಕ್ಕೂ ನಡುವಿನ ವಿಳಂಬವನ್ನು ಕಡಿಮೆ ಮಾಡಲು ರೆಟ್ರೊಆರ್ಚ್ 2018ರಲ್ಲಿ ರನ್-ಅಹೆಡ್ ಎಂಬ ಉಪಾಯ ತಂದಿತು. ಆಟವನ್ನು ಒಂದೆರಡು ಚಿತ್ರಗಳಷ್ಟು ಗುಟ್ಟಾಗಿ ಮುಂದಕ್ಕೆ ಓಡಿಸಿ, ಆ ಮುಂದಿನ ಚಿತ್ರವನ್ನೇ ಈಗ ತೋರಿಸುವುದು ಅದರ ಕ್ರಮ.

ಕಾನೂನು

ಎಮ್ಯುಲೇಟರು ಬೇರೆ, ರೋಮ್ ಕಡತ ಬೇರೆ. ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 1992ರಲ್ಲಿ ಸೆಗಾ ಮತ್ತು ಅಕೊಲೇಡ್ ನಡುವಿನ, 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಗಳಲ್ಲಿ, ಯಂತ್ರದ ಕಾರ್ಯವಿಧಾನ ತಿಳಿಯಲು ಪ್ರೋಗ್ರಾಮನ್ನು ಬಿಚ್ಚಿ ನೋಡುವುದು ನ್ಯಾಯವಾದ ಬಳಕೆ ಎಂದು ಹೇಳಿತು. ಆಟದ ಕಡತವನ್ನು ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಿಯೇ ಉಳಿಯಿತು. ಸ್ವಿಚ್ ಎಮ್ಯುಲೇಟರ್ ಯುಜು ತಯಾರಿಸಿದವರ ಮೇಲೆ ನಿಂಟೆಂಡೊ 2024ರಲ್ಲಿ ಹೂಡಿದ ದಾವೆ ಎತ್ತಿದ್ದು ಗೂಢಲಿಪಿಯ ಬೀಗದ ಪ್ರಶ್ನೆಯನ್ನು. 24 ಲಕ್ಷ ಡಾಲರಿಗೆ ರಾಜಿಯಾಗಿ ಆ ಯೋಜನೆ ಮುಚ್ಚಿತು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಂಪ್ಯೂಟರ್ ಪ್ರೋಗ್ರಾಮನ್ನು ಕಾನೂನುಬದ್ಧವಾಗಿ ಪಡೆದವರು ನಷ್ಟ, ಹಾನಿಯಿಂದ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿದ 65ಎ ಸೆಕ್ಷನ್, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವವರಿಗೆ ಎರಡು ವರ್ಷದವರೆಗಿನ ಸೆರೆ ಮತ್ತು ದಂಡ ವಿಧಿಸುತ್ತದೆ. ತಮ್ಮ ಕ್ಯಾಸೆಟ್ಟನ್ನು ತಾವೇ ಡಂಪ್ ಮಾಡಿಕೊಳ್ಳುವುದು ಆದ್ದರಿಂದ ಭದ್ರವಾದ ಹಾದಿ. ಆದರೆ ಕೊಳ್ಳಲು ಸಿಗದ ಆಟಗಳ ಗತಿಯೇನು? ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ತೋರಿಸಿತು. ಗ್ರಂಥಾಲಯಗಳು ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಕೇಳಿದ ವಿನಾಯಿತಿಯನ್ನು ಅಲ್ಲಿನ ಅಧಿಕಾರಿಗಳು 2024ರಲ್ಲಿ ನಿರಾಕರಿಸಿದರು. ಇದು ತಪ್ಪು ತೀರ್ಮಾನವೆಂದೇ ನನ್ನ ಅಭಿಪ್ರಾಯ. ಪುಸ್ತಕಕ್ಕೆ, ಸಿನಿಮಾಕ್ಕೆ ಸಲ್ಲುವ ಕಾಳಜಿ ಆಟಕ್ಕೂ ಸಲ್ಲಬೇಕು.

ನಮ್ಮ ಕ್ಯಾಸೆಟ್ಟುಗಳು

1990ರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಹೆಚ್ಚಾಗಿ ಬಂದದ್ದು ಫ್ಯಾಮಿಕಾಮಿನ ಅಗ್ಗದ ನಕಲುಗಳು, ಜೊತೆಗೆ ‘9999 ಇನ್ 1’ ಎಂದು ಬರೆದ ಕ್ಯಾಸೆಟ್ಟುಗಳು. ಒಳಗಿದ್ದ ಆಟಗಳು ಬೆರಳೆಣಿಕೆಯಷ್ಟು. ಉಳಿದವು ಅವೇ ಆಟಗಳು ಬೇರೆ ಹಂತದಿಂದ, ಬೇರೆ ಹೆಸರಿನಿಂದ ಶುರುವಾಗುವಂಥವು. ಇವುಗಳ ಮ್ಯಾಪರುಗಳು ನಿಂಟೆಂಡೊದವಲ್ಲ, ನಕಲು ಮಾಡಿದವರು ತಾವೇ ರೂಪಿಸಿದ್ದು. ಐನೆಸ್ ಪಟ್ಟಿಯಲ್ಲಿ ಇಂಥ ನಕಲಿ ಮ್ಯಾಪರುಗಳಿಗೂ ಸಂಖ್ಯೆಗಳಿವೆ. ಅಗ್ಗದ ಕ್ಯಾಸೆಟ್ಟಿನಲ್ಲಿ ಚಿಪ್ಪಿನ ಮೇಲೆ ಕಪ್ಪು ರಾಳದ ಗುಂಡು ಹನಿ ಹಾಕಿರುತ್ತಾರೆ. ಚಿಪ್ಪನ್ನು ಬಿಡಿಸಿ ಓದಲಾಗದು, ಅಂಚಿನ ಹಿತ್ತಾಳೆ ಬಣ್ಣದ ಹಲ್ಲುಗಳ ಮೂಲಕವೇ ಅದರ ಅದಲುಬದಲಿನ ಕ್ರಮವನ್ನು ಊಹಿಸಿ ಊಹಿಸಿ ಇಳಿಸಿಕೊಳ್ಳಬೇಕು.

ಇನ್ನೊಂದು ವ್ಯತ್ಯಾಸ ಕಿವಿಗೆ ಬೀಳುವಂಥದ್ದು. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಚಿತ್ರ ತೋರಿಸಿದರೆ, ಪಾಲ್ ಎಂಬ ಪ್ರಸಾರ ಪದ್ಧತಿಯ ಭಾರತದ ಟಿವಿಗಳು ತೋರಿಸಿದ್ದು 50. ಪಾಲ್ ಟಿವಿಗಾಗಿ ತಯಾರಾದ ನಕಲುಗಳಲ್ಲಿ ಆಟವೂ ಸಂಗೀತವೂ ಆ ಪ್ರಮಾಣದಲ್ಲಿ ನಿಧಾನವಾಗುತ್ತಿದ್ದವು. ಬಾಲ್ಯದಲ್ಲಿ ಇವುಗಳಲ್ಲಿ ಆಡಿದವರು ಈಗ ಹೊಸ ಕನ್ಸೋಲಿನಲ್ಲಿ ಅದೇ ಮಾರಿಯೊವನ್ನು ತೆರೆದರೆ, ಅವನು ನೆನಪಿಗಿಂತ ಚುರುಕಾಗಿ ಓಡುತ್ತಾನೆ, ಹಾಡು ಅವಸರದಲ್ಲಿ ಸಾಗುತ್ತದೆ. ಕೆಲವು ಎಮ್ಯುಲೇಟರುಗಳಲ್ಲಿ ಇದಕ್ಕೆಂದೇ ಒಂದು ಆಯ್ಕೆಯಿದೆ. ರಷ್ಯಾದಲ್ಲಿ ಮನೆಮಾತಾಗಿದ್ದ ಫ್ಯಾಮಿಕಾಮ್ ನಕಲೊಂದರ ಹೆಸರಿನಲ್ಲಿ ಅದನ್ನು ಡೆಂಡಿ ಎಂದು ಕರೆಯುತ್ತಾರೆ. ಅದನ್ನು ಒತ್ತಿದರೆ ಆಟ ಮತ್ತೆ 50ರ ನಡಿಗೆಗೆ ಇಳಿಯುತ್ತದೆ.